ಪಿಂಗಾಣಿ ಬಟ್ಟಲನ್ನು ಓದುವ ಬಗೆ: ಹಳೆಯ ಇಂಗ್ಲಿಷ್ ಚಹಾ ಸೆಟ್ಟುಗಳ ಸಂಗ್ರಹ ಕುರಿತು

ಹಳೆಯ ಇಂಗ್ಲಿಷ್ ಪಿಂಗಾಣಿ ಚಹಾ ಸೆಟ್ಟುಗಳ ಸಂಗ್ರಹದ ಮಾತೆತ್ತಿದರೆ ನಮ್ಮ ವಿದ್ವದ್ವಲಯದಲ್ಲಿ ಎರಡು ಆಕ್ಷೇಪಗಳು ಒಡನೆಯೇ ಏಳುತ್ತವೆ. ಅದು ಉಳ್ಳವರ ಶೋಕಿ ಎಂಬುದು ಒಂದು. ನಮ್ಮನ್ನಾಳಿದವರ ಎಂಜಲು ಬಟ್ಟಲುಗಳಿಗೆ ನಾವೇಕೆ ಬೆಲೆ ಕೊಡಬೇಕು ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ. ಆದರೂ ಈ ವಸ್ತುಗಳನ್ನು ಶೋಕಿಯವರಿಗೂ ವ್ಯಾಪಾರಿಗಳಿಗೂ ಬಿಟ್ಟುಕೊಟ್ಟು ಸುಮ್ಮನಿರುವುದು ಸರಿಯಲ್ಲವೆಂದು ನಾನು ಭಾವಿಸುತ್ತೇನೆ. ಗ್ರಂಥಸಂಪಾದನೆಯನ್ನು ಕಲಿತವರು, ಹಸ್ತಪ್ರತಿಗಳ ಪಾಠಾಂತರಗಳನ್ನು ಹೋಲಿಸಿ ನೋಡಿದವರು ಈ ಬಟ್ಟಲುಗಳನ್ನೂ ಓದಬಲ್ಲರು. ಹಾಗೆ ಓದಿದಾಗ, ಮಾರುಕಟ್ಟೆ ಅವುಗಳಿಗೆ ಕಟ್ಟುವ ಬೆಲೆ ಬಹುಮಟ್ಟಿಗೆ ತಲೆಕೆಳಗಾಗಿದೆಯೆಂಬುದು ತಿಳಿಯುತ್ತದೆ. ಮಾರುಕಟ್ಟೆ ಬಯಸುವುದು ಮುದ್ರೆಯಿರುವ, ಬಿರುಕಿಲ್ಲದ, ಹೊಳಪು ಮಾಸದ ವಸ್ತುವನ್ನು. ಚರಿತ್ರೆಗೆ ಹೆಚ್ಚು ಸಾಕ್ಷ್ಯ ದೊರೆಯುವುದು ಮುದ್ರೆಯಿಲ್ಲದ, ಸವೆದ, ಒಡೆದು ಜೋಡಿಸಿದ ವಸ್ತುವಿನಿಂದ.

ಮೊದಲು ಹೆಸರುಗಳನ್ನೇ ಗಮನಿಸಬಹುದು. ಇಂಗ್ಲಿಷಿನ ‘ಚೈನಾ’ ಎಂಬುದು ವಸ್ತು ಬಂದ ದೇಶದ ಹೆಸರು. ‘ಪೋರ್ಸಲಿನ್’ ಎಂಬುದು ಇಟಾಲಿಯನ್ನಿನ ‘ಪೊರ್ಚೆಲ್ಲಾನಾ’ದಿಂದ ಬಂದದ್ದು, ಅದರ ಅರ್ಥ ಕವಡೆ. ಕವಡೆಯ ನುಣುಪು, ಬಿಳುಪು, ಹೊಳಪು ಆ ಹೆಸರಿಗೆ ಕಾರಣ. ಕನ್ನಡದ ‘ಪಿಂಗಾಣಿ’ಯ ನೆರೆಯಲ್ಲಿ ಪರ್ಷಿಯನ್ನಿನ ‘ಪಿಂಗಾನ್’, ಅರಬ್ಬಿಯ ‘ಫಿಂಜಾನ್’ ಪದಗಳಿವೆ. ಎರಡೂ ಬಟ್ಟಲನ್ನೇ ಸೂಚಿಸುತ್ತವೆ. ಹೀಗೆ ಒಂದು ಭಾಷೆ ಊರನ್ನು, ಒಂದು ಹೊಳಪನ್ನು, ಒಂದು ಪಾತ್ರೆಯ ರೂಪವನ್ನು ಹಿಡಿದು ಹೆಸರಿಟ್ಟಿದೆ. ಆ ಪಾತ್ರೆ ಯಾವುದರಿಂದ ಆಗಿದೆ ಎಂಬುದನ್ನು ಮಾತ್ರ ಯಾವ ಹೆಸರೂ ಹೇಳುವುದಿಲ್ಲ. ಯುರೋಪು ಬಹುಕಾಲ ಹುಡುಕಿದ್ದು ಆ ಗುಟ್ಟನ್ನೇ.

ಚೀನಾದವರು ಬಿಳಿಯ ಜೇಡಿಮಣ್ಣನ್ನೂ ಒಂದು ಬಗೆಯ ಶಿಲಾಪುಡಿಯನ್ನೂ ಬೆರೆಸಿ ಅತಿ ಹೆಚ್ಚಿನ ಶಾಖದಲ್ಲಿ ಸುಡುತ್ತಿದ್ದರು. ಜರ್ಮನಿಯ ಮೈಸೆನ್ನಿನಲ್ಲಿ 1710ರ ವೇಳೆಗೆ ಈ ವಿದ್ಯೆ ಕೈಗೂಡಿತು. ಇಂಗ್ಲೆಂಡಿನವರಿಗೆ ಅದು ಬೇಗ ಒಲಿಯಲಿಲ್ಲ. ಆದ್ದರಿಂದ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. 1745ರ ಸುಮಾರಿಗೆ ಆರಂಭವಾದ ಚೆಲ್ಸಿ ಕಾರ್ಖಾನೆಯನ್ನು ನಡೆಸಿದವನು ಲಿಯೇಜಿನಿಂದ ಬಂದಿದ್ದ ಬೆಳ್ಳಿ ಕೆಲಸಗಾರ ನಿಕೋಲಸ್ ಸ್ಪ್ರಿಮಾಂಟ್. ಅವನ ಪಿಂಗಾಣಿ ಗಾಜಿನ ಅಂಶದಿಂದ ಕೂಡಿದ್ದು, ಅದರ ಮೊದಲ ಆಕಾರಗಳು ಬೆಳ್ಳಿ ಪಾತ್ರೆಗಳ ಅನುಕರಣೆಗಳು. ಲಂಡನ್ನಿನ ಪೂರ್ವದ ಬೋ ಕಾರ್ಖಾನೆ ಪ್ರಾಣಿಗಳ ಎಲುಬಿನ ಬೂದಿಯನ್ನು ಬೆರೆಸಿತು. 1751ರಲ್ಲಿ ವೈದ್ಯ ಜಾನ್ ವಾಲ್ ಮತ್ತು ಸಂಗಡಿಗರು ವೂಸ್ಟರಿನಲ್ಲಿ ಆರಂಭಿಸಿದ ಕಾರ್ಖಾನೆ ಬಳಪದ ಕಲ್ಲಿನ ಪುಡಿಯನ್ನು ಆಶ್ರಯಿಸಿತು. ಪ್ಲಿಮತ್ತಿನ ಔಷಧ ವ್ಯಾಪಾರಿ ವಿಲಿಯಂ ಕುಕ್‌ವರ್ದಿ ಕಾರ್ನ್‌ವಾಲಿನ ಬಿಳಿಮಣ್ಣನ್ನು ಗುರುತಿಸಿ, ಚೀನೀ ಬಗೆಯ ಪಿಂಗಾಣಿಗೆ 1768ರಲ್ಲಿ ಪೇಟೆಂಟ್ ಪಡೆದನು. ಆ ಹಕ್ಕು ಬ್ರಿಸ್ಟಲಿನ ರಿಚರ್ಡ್ ಚಾಂಪಿಯನ್ನನ ಕೈಗೆ ಹೋಗಿ, 1781ರಲ್ಲಿ ಸ್ಟಾಫರ್ಡ್‌ಶೈರಿನ ಪಾಲುದಾರರಿಗೆ ಮಾರಾಟವಾಗಿ, ನ್ಯೂ ಹಾಲ್ ಕಾರ್ಖಾನೆಗೆ ಕಾರಣವಾಯಿತು. 1790ರ ದಶಕದಲ್ಲಿ ಜೋಸಯ್ಯ ಸ್ಪೋಡ್‌ನ ಕಾರ್ಖಾನೆಯಲ್ಲಿ ಹದಗೊಂಡ ‘ಬೋನ್ ಚೈನಾ’ ಉಳಿದೆಲ್ಲ ಪಾಕಗಳನ್ನೂ ಕ್ರಮೇಣ ಹಿಂದೆ ಹಾಕಿತು. ಅದರಲ್ಲಿ ಸುಮಾರು ಅರ್ಧ ಭಾಗ ಎಲುಬಿನ ಬೂದಿ, ಕಾಲು ಭಾಗ ಬಿಳಿಮಣ್ಣು, ಕಾಲು ಭಾಗ ಕಾರ್ನ್‌ವಾಲಿನ ಕಲ್ಲು.

ಪಾಕದ ಈ ವಿವರಗಳು ರಸಾಯನಶಾಸ್ತ್ರದವರಿಗೆ ಮಾತ್ರ ಸಂಬಂಧಿಸಿದವಲ್ಲ. ಗಾಜಿನ ಅಂಶ ಹೆಚ್ಚಿದ್ದ ಪಿಂಗಾಣಿ ಕುದಿನೀರು ಬಿದ್ದರೆ ಬಿರಿಯುತ್ತಿತ್ತು. ಬಳಪದ ಕಲ್ಲು ಸೇರಿದ ವೂಸ್ಟರ್ ಪಾತ್ರೆ ತಾಳಿಕೊಳ್ಳುತ್ತಿತ್ತು. ಚೆಲ್ಸಿಯ ಕೀರ್ತಿ ಗೊಂಬೆಗಳ ಮೇಲೂ ಅಲಂಕಾರದ ತಟ್ಟೆಗಳ ಮೇಲೂ, ವೂಸ್ಟರಿನ ಏಳಿಗೆ ಚಹಾ ಪಾತ್ರೆಗಳ ಮೇಲೂ ನಿಂತದ್ದಕ್ಕೆ ಇದು ಒಂದು ಮುಖ್ಯ ಕಾರಣ. ಬೆಳಕಿಗೆ ಹಿಡಿದರೆ ಹಳೆಯ ವೂಸ್ಟರ್ ಬಟ್ಟಲು ತುಸು ಹಸುರಾಗಿ ಕಾಣುತ್ತದೆ. ಚೆಲ್ಸಿಯ ಕೆಲವು ತಟ್ಟೆಗಳಲ್ಲಿ ಚಂದ್ರನಂಥ ಬಿಳಿಯ ಮಚ್ಚೆಗಳು ತೋರುತ್ತವೆ. ತಾಳೆಗರಿಯ ಜಾತಿಯನ್ನೂ ಮಸಿಯ ಬಣ್ಣವನ್ನೂ ನೋಡಿ ಪ್ರತಿಯ ಪ್ರದೇಶವನ್ನು ಊಹಿಸುವವರಿಗೆ ಈ ಪರೀಕ್ಷೆ ಅಪರಿಚಿತವೇನಲ್ಲ.

ಚಹಾ ಸೆಟ್ಟು ಮಧ್ಯಮ ವರ್ಗದ ಮನೆಗೆ ಬಂದದ್ದರ ಹಿಂದೆ ತೆರಿಗೆಯ ಕಥೆಯಿದೆ. 1784ರ ಕಾಯಿದೆ ಚಹಾದ ಮೇಲಿನ ಸುಂಕವನ್ನು ಶೇ. 119ರಿಂದ ಶೇ. 12.5ಕ್ಕೆ ಇಳಿಸಿತು. ಕಳ್ಳಸಾಗಣೆಯ ಲಾಭ ಕರಗಿತು, ಚಹಾ ಅಗ್ಗವಾಯಿತು. 1791ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಚೀನೀ ಪಿಂಗಾಣಿಯನ್ನು ಸಗಟಾಗಿ ತರಿಸುವುದನ್ನು ನಿಲ್ಲಿಸಿತು. ಚಹಾ ಹೆಚ್ಚಿತು, ಚೀನಾದ ಬಟ್ಟಲು ಬರುವುದು ನಿಂತಿತು. ಆ ತೆರವನ್ನು ಸ್ಟಾಫರ್ಡ್‌ಶೈರಿನ ಕುಲುಮೆಗಳು ತುಂಬಿದವು. ನ್ಯೂ ಹಾಲ್, ಸ್ಪೋಡ್, ಮಿಂಟನ್ ಮೊದಲಾದ ಹೆಸರುಗಳು ಬೆಳೆದದ್ದು ಈ ಕಾಲದಲ್ಲಿ.

1800ರ ಆಸುಪಾಸಿನ ಪೂರ್ಣ ಸೆಟ್ಟಿನಲ್ಲಿ ಟೀಪಾಟ್, ಅದರ ಅಡಿತಟ್ಟೆ, ಸಕ್ಕರೆ ಬಟ್ಟಲು, ಹಾಲಿನ ಜಗ್ಗು, ಚರಟ ಸುರಿಯುವ ಅಗಲ ಬಟ್ಟಲು, ರೊಟ್ಟಿ ಬೆಣ್ಣೆಗೆ ಎರಡು ದೊಡ್ಡ ತಟ್ಟೆ, ಹನ್ನೆರಡು ಚಹಾ ಬಟ್ಟಲು, ಕಾಫಿ ಬಟ್ಟಲುಗಳು ಇರುತ್ತಿದ್ದವು. ಬಸಿಗಳು ಮಾತ್ರ ಹನ್ನೆರಡೇ. ಚಹಾ, ಕಾಫಿ ಎರಡನ್ನೂ ಒಟ್ಟಿಗೆ ಯಾರೂ ಕುಡಿಯರಾದ್ದರಿಂದ ಎರಡಕ್ಕೂ ಒಂದೇ ಬಸಿ ಸಾಕಾಗುತ್ತಿತ್ತು. ಪ್ರತಿಯೊಬ್ಬರಿಗೂ ಪ್ರತ್ಯೇಕ ತಿಂಡಿತಟ್ಟೆ ಬಂದದ್ದು ವಿಕ್ಟೋರಿಯಾ ರಾಣಿಯ ಕಾಲದಲ್ಲಿ. ಆದ್ದರಿಂದ 1800ರದೆಂದು ಮಾರುವ ಸೆಟ್ಟಿನಲ್ಲಿ ಬಟ್ಟಲಿಗೊಂದರಂತೆ ತಿಂಡಿತಟ್ಟೆಯಿದ್ದರೆ ಅದನ್ನು ಪ್ರಕ್ಷಿಪ್ತ ಪದ್ಯವನ್ನು ನೋಡುವ ಕಣ್ಣಿನಿಂದಲೇ ನೋಡಬೇಕು. ಮೊದಮೊದಲ ಚಹಾ ಬಟ್ಟಲುಗಳಿಗೆ ಚೀನೀ ಮಾದರಿಯಂತೆ ಹಿಡಿಯೇ ಇರಲಿಲ್ಲ. ಬಸಿಗಳು ಆಳವಾಗಿದ್ದವು, ಅದಕ್ಕೆ ಸುರಿದು ಆರಿಸಿ ಕುಡಿಯುವುದು ಅಲ್ಲಿಯೂ ರೂಢಿಯಲ್ಲಿತ್ತು. ಬಸಿಯಲ್ಲಿ ಚಹಾ ಕುಡಿಯುವ ನಮ್ಮ ಹಿರಿಯರನ್ನು ಕಂಡು ನಕ್ಕವರು ಈ ಬಸಿಗಳನ್ನು ಒಮ್ಮೆ ನೋಡಬೇಕು.

ಇನ್ನು ಮುದ್ರೆಯ ವಿಚಾರ. ಹೊಸ ಸಂಗ್ರಾಹಕನು ಬಟ್ಟಲನ್ನು ಕೈಗೆತ್ತಿಕೊಂಡ ಕೂಡಲೇ ಮಗುಚಿ ತಳದ ಗುರುತನ್ನು ನೋಡುತ್ತಾನೆ. ಅಲ್ಲಿ ಲಂಗರೋ ಅರ್ಧಚಂದ್ರವೋ ಕಂಡರೆ ಅವನ ಪರೀಕ್ಷೆ ಮುಗಿಯಿತು. ಹಸ್ತಪ್ರತಿಯ ಕೊನೆಯ ಪುಷ್ಪಿಕೆಯೊಂದನ್ನೇ ನಂಬಿ ಕಾಲನಿರ್ಣಯ ಮಾಡುವುದಕ್ಕೆ ಇದು ಸಮ. ಪುಷ್ಪಿಕೆಯನ್ನು ಮೂಲದಿಂದ ನಕಲು ಮಾಡುವ ಲಿಪಿಕಾರರಿದ್ದಂತೆ ಮುದ್ರೆಯನ್ನು ನಕಲು ಮಾಡುವ ಕಾರ್ಖಾನೆಗಳಿದ್ದವು. ಸ್ವತಃ ವೂಸ್ಟರಿನವರೇ ಮೈಸೆನ್ನಿನ ಅಡ್ಡಕತ್ತಿಗಳನ್ನೂ ಚೀನೀ ಅಕ್ಷರಗಳಂತೆ ತೋರುವ ಅರ್ಥವಿಲ್ಲದ ಗೀರುಗಳನ್ನೂ ತಮ್ಮ ಪಾತ್ರೆಗಳ ತಳದಲ್ಲಿ ಬರೆದರು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಸ್ಯಾಮ್ಸನ್ ಸಂಸ್ಥೆ ಚೆಲ್ಸಿ, ವೂಸ್ಟರ್ ಮಾದರಿಗಳನ್ನು ಯಥೇಚ್ಛವಾಗಿ ನಕಲಿಸಿತು. ಅಂಕಿಗಳನ್ನು ಚೀನೀ ಅಕ್ಷರದಂತೆ ಅಲಂಕರಿಸಿ ಬರೆದ ಮುದ್ರೆಯೊಂದನ್ನು ಬಹುಕಾಲ ವೂಸ್ಟರಿನದೆಂದೇ ನಂಬಲಾಗಿತ್ತು. ಕಾಗ್ಲಿ ಕಾರ್ಖಾನೆಯ ನಿವೇಶನದಲ್ಲಿ ಅಗೆದಾಗ ಅದೇ ಗುರುತಿನ ಒಡಕು ಚೂರುಗಳು ದೊರೆತು, ಆ ಪಾತ್ರೆಗಳೆಲ್ಲ ಕಾಗ್ಲಿಯವೆಂದು ಸಿದ್ಧವಾಯಿತು. ಕುಲುಮೆಯ ಬಳಿ ಎಸೆದ ಕಸ ಗಾಜಿನ ಕಪಾಟಿನ ಪಟ್ಟಿಗಳನ್ನು ತಿದ್ದಿತು.

ಪಂಡಿತರ ಮಾತೂ ಹೀಗೆಯೇ ದಾರಿ ತಪ್ಪಿಸಬಹುದು. ಮುದ್ರೆಗಳ ಬಗ್ಗೆ 1863ರಲ್ಲಿ ಪ್ರಸಿದ್ಧ ಗ್ರಂಥ ಪ್ರಕಟಿಸಿದ ವಿಲಿಯಂ ಚಾಫರ್ಸ್, ಚೀನಾದಲ್ಲಿಯೇ ತಯಾರಾಗಿ ಇಂಗ್ಲೆಂಡಿಗೆ ಬಂದಿದ್ದ ವಂಶಲಾಂಛನಗಳ ಪಿಂಗಾಣಿಯನ್ನು ಲೋಸ್ಟಾಫ್ಟ್ ಎಂಬ ಕಡಲತಡಿಯ ಸಣ್ಣ ಕಾರ್ಖಾನೆಯದೆಂದು ಸಾರಿದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲೋಸ್ಟಾಫ್ಟಿನ ನಿವೇಶನದಲ್ಲಿಯೇ ಅಚ್ಚುಗಳೂ ಚೂರುಗಳೂ ದೊರೆತು ಅಲ್ಲಿ ನಿಜವಾಗಿ ಏನು ತಯಾರಾಗುತ್ತಿತ್ತೆಂಬುದು ಸ್ಪಷ್ಟವಾಯಿತು. ಆದರೂ ವ್ಯಾಪಾರಿಗಳ ಬಾಯಲ್ಲಿ ‘ಪೌರ್ವಾತ್ಯ ಲೋಸ್ಟಾಫ್ಟ್’ ಎಂಬ ವಿಚಿತ್ರ ಪದ ಬಹಳ ಕಾಲ ಉಳಿಯಿತು. ಕವಿಚರಿತೆಯಲ್ಲಿ ಒಮ್ಮೆ ಸೇರಿದ ತಪ್ಪು ಆರೋಪಣೆ ಪಠ್ಯಪುಸ್ತಕಗಳಲ್ಲಿ ಎಷ್ಟು ದಿನ ಬದುಕುತ್ತದೆಂದು ಬಲ್ಲ ನಮಗೆ ಇದು ಆಶ್ಚರ್ಯ ತರಬೇಕಿಲ್ಲ.

ಮುದ್ರೆಗಳು ನಿಷ್ಪ್ರಯೋಜಕವೆಂದು ಇದರರ್ಥವಲ್ಲ. 1842ರಿಂದ 1883ರವರೆಗೆ ಬಳಕೆಯಲ್ಲಿದ್ದ ವಜ್ರಾಕೃತಿಯ ನೋಂದಣಿ ಗುರುತು ವಿನ್ಯಾಸ ನೋಂದಾಯಿಸಿದ ದಿನವನ್ನೇ ಹೇಳುತ್ತದೆ. 1884ರಿಂದ ಅದರ ಜಾಗದಲ್ಲಿ ನೋಂದಣಿ ಸಂಖ್ಯೆ ಬಂತು. ಅಮೆರಿಕದ 1890ರ ಸುಂಕ ಕಾಯಿದೆಯ ಕಾರಣದಿಂದ 1891ರ ಬಳಿಕ ‘ಇಂಗ್ಲೆಂಡ್’ ಎಂಬ ಪದ ಮುದ್ರೆಗಳಲ್ಲಿ ಸಾಮಾನ್ಯವಾಯಿತು. ಜೆಫ್ರಿ ಗಾಡನ್ 1964ರಲ್ಲಿ ಪ್ರಕಟಿಸಿದ ಬ್ರಿಟಿಷ್ ಮುದ್ರೆಗಳ ವಿಶ್ವಕೋಶ ಇಂಥ ಸೂಕ್ಷ್ಮಗಳನ್ನು ವ್ಯವಸ್ಥೆಗೊಳಿಸಿದ ಗ್ರಂಥ. ಗುರುತು ಒಂದು ಸಾಕ್ಷಿ. ಮಣ್ಣು, ಮೆರುಗು, ಹಿಡಿಯ ತಿರುವು, ಟೀಪಾಟಿನ ಮೂತಿ, ಚಿತ್ರದ ಸಂಖ್ಯೆ ಇವೂ ಸಾಕ್ಷಿಗಳೇ. ಒಂದರ ಮಾತು ಉಳಿದವುಗಳಿಗೆ ಹೊಂದದಿದ್ದರೆ ತೀರ್ಪನ್ನು ತಡೆಹಿಡಿಯಬೇಕು.

ನ್ಯೂ ಹಾಲಿನ ಹಳೆಯ ಚಹಾ ಪಾತ್ರೆಗಳು ಈ ಶಿಸ್ತಿಗೆ ಒಳ್ಳೆಯ ಪಾಠ. ಅವುಗಳ ಮೇಲೆ ಕಾರ್ಖಾನೆಯ ಹೆಸರಿಲ್ಲ. ಇರುವುದು ಕುಂಚದಿಂದ ಬರೆದ ಚಿತ್ರಸಂಖ್ಯೆ ಮಾತ್ರ. ಹೂಚಿಗುರಿನ ಚಿತ್ರವಿದ್ದ ಪ್ರತಿಯೊಂದು ಟೀಪಾಟನ್ನೂ ‘ನ್ಯೂ ಹಾಲ್’ ಎಂದು ಕರೆಯುವ ಅಭ್ಯಾಸವಿತ್ತು. ಸಂಶೋಧಕರು ಆಕಾರಗಳನ್ನೂ ಸಂಖ್ಯೆಗಳನ್ನೂ ಹೊಂದಿಸುತ್ತ ಹೋದಾಗ ಹಲವು ಬೇರೆ ಕೈಗಳು ಕಾಣಿಸಿಕೊಂಡವು. ಹೆಸರು ತಿಳಿಯದ ಆ ಕಾರ್ಖಾನೆಗಳಿಗೆ ಎಕ್ಸ್, ವೈ, ಝಡ್ ಎಂದು ಗುರುತು ಕೊಟ್ಟು, ಆತುರದ ನಾಮಕರಣದಿಂದ ದೂರ ಉಳಿದರು. ‘ಅಜ್ಞಾತಕರ್ತೃಕ’ ಎಂದು ಬರೆಯುವ ಧೈರ್ಯ ನಮ್ಮ ಸಾಹಿತ್ಯ ಚರಿತ್ರೆಕಾರರಿಗೂ ಇಷ್ಟೇ ಇದ್ದಿದ್ದರೆ ಎಷ್ಟೋ ವಾದಗಳು ಹುಟ್ಟುತ್ತಲೇ ಇರಲಿಲ್ಲ.

ಮಾರುಕಟ್ಟೆ ಮಾಡುವ ದೊಡ್ಡ ಹಾನಿ ನಕಲಿಯಿಂದ ಆಗುವುದಲ್ಲ, ಬಿಡಿಸಿ ಮಾರುವುದರಿಂದ. ದೊಡ್ಡ ಚಹಾ ಸೆಟ್ಟಿಗೆ ಇಂದಿನ ಮನೆಗಳಲ್ಲಿ ಜಾಗವಿಲ್ಲ, ಗಿರಾಕಿ ಕಡಿಮೆ. ಆದ್ದರಿಂದ ಇನ್ನೂರು ವರ್ಷ ಒಟ್ಟಿಗಿದ್ದ ಸೆಟ್ಟು ಒಂದು ಹರಾಜಿನಲ್ಲಿ ಬಿಡಿ ಬಟ್ಟಲುಗಳಾಗಿ ಚದುರುತ್ತದೆ. ಬಟ್ಟಲಿನಲ್ಲಿ ಮೇಣ ತುಂಬಿ ಮೋಂಬತ್ತಿ ಮಾಡುವವರಿದ್ದಾರೆ. ತಟ್ಟೆಗಳ ನಡುವೆ ರಂಧ್ರ ಕೊರೆದು, ಕಂಬಿ ತೂರಿಸಿ ಕೇಕಿನ ಅಂತಸ್ತು ಮಾಡುವವರಿದ್ದಾರೆ. ತಾಳೆಗರಿಯ ಕಟ್ಟನ್ನು ಬಿಚ್ಚಿ ಗರಿಯೊಂದಕ್ಕೆ ಇಷ್ಟೆಂದು ಮಾರಿದರೆ ನಾವು ಸಿಟ್ಟಾಗುತ್ತೇವೆ. ಇಲ್ಲಿಯೂ ಕಳೆದುಹೋಗುವುದು ಅದೇ: ಯಾವುದು ಯಾವುದರ ಜೊತೆಗಿತ್ತು, ಎಷ್ಟು ಬಟ್ಟಲು ಒಡೆದವು, ಯಾವುದನ್ನು ಆಮೇಲೆ ಬೇರೆ ಕಡೆ ಮಾಡಿಸಿ ಸೇರಿಸಿದರು ಎಂಬ ಸಂಬಂಧ. ಚೀನೀ ಸೆಟ್ಟಿನ ಒಂದು ಬಟ್ಟಲು ಒಡೆದರೆ ಅದೇ ಚಿತ್ರದ ಬಟ್ಟಲನ್ನು ಇಂಗ್ಲಿಷ್ ಕಾರ್ಖಾನೆಯಿಂದ ಮಾಡಿಸಿ ತುಂಬುತ್ತಿದ್ದರು. ಲುಪ್ತವಾದ ಗರಿಯನ್ನು ಇನ್ನೊಬ್ಬ ಲಿಪಿಕಾರ ಬರೆದು ಸೇರಿಸಿದಂತೆ. ಅಂಥ ಸೆಟ್ಟಿನಲ್ಲಿ ಎರಡು ಕೈ, ಎರಡು ದೇಶ, ಎರಡು ಕಾಲ ಅಕ್ಕಪಕ್ಕ ಕುಳಿತಿರುತ್ತವೆ. ಶುದ್ಧತೆಯನ್ನು ಬಯಸುವ ಗಿರಾಕಿ ಆ ಒಂದು ಬಟ್ಟಲನ್ನು ತೆಗೆದುಹಾಕುತ್ತಾನೆ.

ದುರಸ್ತಿಯ ಬಗ್ಗೆಯೂ ಇದೇ ಮಾತು. ಒಡೆದ ಪಿಂಗಾಣಿಯನ್ನು ಆ ಕಾಲದ ಕುಶಲಿಗಳು ಅರ್ಧ ದಪ್ಪದವರೆಗೆ ಸಣ್ಣ ತೂತು ಕೊರೆದು, ಲೋಹದ ಕೊಂಡಿ ಹಾಕಿ ಜೋಡಿಸುತ್ತಿದ್ದರು. ಮುರಿದ ಮೂತಿಗೆ ಬೆಳ್ಳಿಯ ಮೂತಿ ಕೂಡಿಸುತ್ತಿದ್ದರು. ಕೊಂಡಿ ಹಾಕಿದ ಟೀಪಾಟಿನ ಬೆಲೆ ಇಂದು ಹಾಳಾಗದ ಟೀಪಾಟಿನ ಒಂದು ಸಣ್ಣ ಪಾಲು. ಆದರೆ ಮನೆಯೊಂದು ಆ ಪಾತ್ರೆಯನ್ನು ಬಿಸಾಡದೆ, ಹಣ ತೆತ್ತು ಉಳಿಸಿಕೊಂಡಿತ್ತೆಂಬುದಕ್ಕೆ ಆ ಕೊಂಡಿಯೇ ದಾಖಲೆ. ಬಳಸದೆ ಕಪಾಟಿನಲ್ಲಿಯೇ ಉಳಿದ ಪಾತ್ರೆ ಚಹಾ ಕುಡಿದವರ ಬಗ್ಗೆ ಹೇಳುವುದು ಕಡಿಮೆ.

ಸಂಗ್ರಹವನ್ನು ವಿದ್ಯೆಯಾಗಿ ನಡೆಸಿದವರೂ ಇದ್ದಾರೆ. ಸಾಹಿತ್ಯದ ವಿದ್ಯಾರ್ಥಿಗಳು ಲೇಡಿ ಷಾರ್ಲಟ್ ಶ್ರೈಬರ್ (1812–1895) ಎಂಬಾಕೆಯ ಹೆಸರನ್ನು ತಿಳಿದಿರಬೇಕು. ವೇಲ್ಸ್‌ನ ಮಧ್ಯಯುಗದ ಕಥೆಗಳಾದ ‘ಮಾಬಿನೋಗಿಯನ್’ ಅನ್ನು 1838ರಿಂದ 1849ರ ನಡುವೆ ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿದವಳು ಇವಳೇ. ಆಗ ಅವಳ ಹೆಸರು ಷಾರ್ಲಟ್ ಗೆಸ್ಟ್. ಮುಂದೆ ಎರಡನೆಯ ಪತಿ ಚಾರ್ಲ್ಸ್ ಶ್ರೈಬರನೊಡನೆ ಯುರೋಪಿನ ಊರೂರು ಅಲೆದು ಪಿಂಗಾಣಿ ಸಂಗ್ರಹಿಸಿದಳು. ಕೊಂಡದ್ದನ್ನೂ ಕಂಡದ್ದನ್ನೂ ದಿನಚರಿಯಲ್ಲಿ ಬರೆದಿಟ್ಟಳು. ಪತಿ ತೀರಿಕೊಂಡ 1884ರಲ್ಲಿ ತನ್ನ ಇಂಗ್ಲಿಷ್ ಸಂಗ್ರಹವನ್ನು ಅವನ ನೆನಪಿಗಾಗಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯಕ್ಕೆ, ಇಂದಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ, ಕೊಟ್ಟಳು. ಹಳೆಯ ಪಠ್ಯವನ್ನು ಸಂಪಾದಿಸಿದ ಮನಸ್ಸೇ ಹಳೆಯ ಪಾತ್ರೆಗಳನ್ನೂ ಸಂಪಾದಿಸಿತು. ಎರಡನ್ನೂ ಸಾರ್ವಜನಿಕರಿಗೆ ಒಪ್ಪಿಸಿತು.

ಈಗ ಎರಡನೆಯ ಆಕ್ಷೇಪಕ್ಕೆ ಬರಬಹುದು. ಚಹಾ ಸೆಟ್ಟು ವಸಾಹತುಶಾಹಿಯ ಸೃಷ್ಟಿ ಹೌದು. ಅದನ್ನು ಓದಬೇಕಾದ ಕಾರಣವೂ ಅದೇ. ಕೆರಿಬಿಯನ್ ದ್ವೀಪಗಳ ಗುಲಾಮರು ಬೆಳೆದ ಸಕ್ಕರೆಯನ್ನು ವರ್ಜಿಸಬೇಕೆಂದು ವಿಲಿಯಂ ಫಾಕ್ಸ್ 1791ರಲ್ಲಿ ಕರಪತ್ರ ಬರೆದನು. 1820ರ ದಶಕದ ಕೆಲವು ಸಕ್ಕರೆ ಬಟ್ಟಲುಗಳ ಮೇಲೆ, ಒಳಗಿರುವುದು ಗುಲಾಮರು ತಯಾರಿಸದ ಈಸ್ಟ್ ಇಂಡಿಯಾದ ಸಕ್ಕರೆ ಎಂದು ಬರೆಯಲಾಗಿದೆ. ಆರು ಕುಟುಂಬಗಳು ವೆಸ್ಟ್ ಇಂಡೀಸಿನ ಸಕ್ಕರೆ ಬಿಟ್ಟು ಇದನ್ನು ಬಳಸಿದರೆ ಒಬ್ಬ ಗುಲಾಮ ಕಡಿಮೆಯಾಗುತ್ತಾನೆಂಬ ಲೆಕ್ಕವೂ ಕೆಲವುಗಳ ಮೇಲಿದೆ. ಆ ಬಟ್ಟಲು ಮನೆಯೊಡತಿಯ ಆತ್ಮಸಾಕ್ಷಿಯನ್ನು ಅತಿಥಿಗಳೆದುರು ಇಟ್ಟಿತು. ಆ ನೈತಿಕ ಎಚ್ಚರ ದೊಡ್ಡದೇ. ಆದರೆ ‘ಈಸ್ಟ್ ಇಂಡಿಯಾ’ ಎಂದರೆ ನಾವು. ಕಂಪನಿಯ ಆಡಳಿತದ ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರ ಕಾಯಿದೆಯಿಂದ. ಬಟ್ಟಲಿನ ಮೇಲೆ ಆ ಅಕ್ಷರ ಬರೆದ ಕಾಲದಲ್ಲಿ ನಮ್ಮ ಹೊಲಗಳ ಜೀತದವರ ಮಾತು ಅಲ್ಲಿಗೆ ತಲುಪಿರಲಿಲ್ಲ. ಆ ಬರಹದ ಕೆಳಗೆ ಟಿಪ್ಪಣಿ ಬರೆಯಬೇಕಾದವರು ಭಾರತದ ಓದುಗರು.

ಬಟ್ಟಲಿನ ಮಣ್ಣಿನಲ್ಲಿಯೇ ಅಡಗಿರುವ ಇನ್ನೊಂದು ಪ್ರಶ್ನೆ ಎಲುಬಿನದು. ಬೋ ಕಾರ್ಖಾನೆಯ ಥಾಮಸ್ ಫ್ರೈ 1740ರ ದಶಕದ ಕೊನೆಯಲ್ಲಿ ಪಡೆದ ಪೇಟೆಂಟಿನಲ್ಲಿ ಸುಟ್ಟ ಪ್ರಾಣಿಜನ್ಯ ವಸ್ತುವನ್ನು ‘ಕನ್ಯೆಮಣ್ಣು’ ಎಂಬ ಅರ್ಥದ ಸುಂದರ ಪದದಿಂದ ಮುಚ್ಚಿದನು. ಶಾಕಾಹಾರಿ ಮನೆಗಳಲ್ಲಿ ಬೋನ್ ಚೈನಾ ಬಟ್ಟಲನ್ನು ಮುಟ್ಟದಿರುವವರು ಇಂದಿಗೂ ಇದ್ದಾರೆ. ಅವರಿಗೆ ಚರಿತ್ರೆಯೇ ಒಂದು ವಿವೇಕದ ಗೆರೆ ಎಳೆದುಕೊಟ್ಟಿದೆ. ವೂಸ್ಟರ್ ಮತ್ತು ಕಾಗ್ಲಿಯ ಬಳಪದ ಕಲ್ಲಿನ ಪಾತ್ರೆಗಳಲ್ಲಿ, ಪ್ಲಿಮತ್, ಬ್ರಿಸ್ಟಲ್‌ಗಳ ಪಿಂಗಾಣಿಯಲ್ಲಿ, ನ್ಯೂ ಹಾಲಿನ ಮೊದಲ ಘಟ್ಟದ ಪಾತ್ರೆಗಳಲ್ಲಿ ಎಲುಬಿನ ಬೂದಿಯಿಲ್ಲ. ಬೋ, ಲೋಸ್ಟಾಫ್ಟ್, ಚಿನ್ನದ ಲಂಗರಿನ ಕಾಲದ ಚೆಲ್ಸಿ ಮತ್ತು ಸ್ಪೋಡ್ ನಂತರದ ಬಹುಪಾಲು ಪಾತ್ರೆಗಳಲ್ಲಿ ಇದೆ. ಹಳೆಯದನ್ನು ಕೊಂಡರೆ ಹೊಸ ಹಿಂಸೆ ಆಗದೆಂಬ ವಾದ ನನಗೆ ಪೂರ್ತಿ ಒಪ್ಪಿಗೆಯಾಗದು. ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಮೂರನ್ನೂ ಜೈನ ಪರಂಪರೆ ಒಟ್ಟಿಗೆ ಎಣಿಸುತ್ತದೆ. ಎಲುಬಿನ ಪಾತ್ರೆಯನ್ನು ಅಂದವೆಂದು ಮೆಚ್ಚಿ ಮೆರೆಸುವುದು ಅನುಮೋದನೆಗೆ ಹತ್ತಿರ. ಅದರೊಳಗೆ ಏನಿದೆಯೆಂದು ಬರೆದು ಸಾಕ್ಷ್ಯವಾಗಿ ಕಾಪಾಡುವುದು ಬೇರೆ.

ದುಡಿದವರ ಗುರುತೂ ತಳದಲ್ಲಿಯೇ ಇದೆ. ಕಾರ್ಖಾನೆಯ ಮುದ್ರೆಯ ಪಕ್ಕದಲ್ಲಿ ಕಾಣುವ ಚುಕ್ಕಿ, ಗೀರು, ಒಂಟಿ ಅಂಕಿಗಳು ಬಹಳ ಸಲ ಚಿತ್ರಗಾರರು ತಮ್ಮ ಕೂಲಿಯ ಲೆಕ್ಕಕ್ಕೆ ಇಟ್ಟುಕೊಂಡ ಗುರುತುಗಳು. 1840ರ ದಶಕದ ಆರಂಭದಲ್ಲಿ ಮಕ್ಕಳ ದುಡಿಮೆಯ ವಿಚಾರಣಾ ಆಯೋಗಕ್ಕಾಗಿ ಸ್ಯಾಮ್ಯುಯೆಲ್ ಸ್ಕ್ರೈವನ್ ಸ್ಟಾಫರ್ಡ್‌ಶೈರಿನ ಕುಂಬಾರಿಕೆಯ ಊರುಗಳನ್ನು ಪರಿಶೀಲಿಸಿದನು. ಹಸಿ ಪಾತ್ರೆಯ ಅಚ್ಚುಗಳನ್ನು ಹೊತ್ತು ಬೇಗೆಯ ಕೋಣೆಗೆ ದಿನವಿಡೀ ಓಡುವ ಹುಡುಗರು, ಸೀಸದ ಮೆರುಗಿನಲ್ಲಿ ಕೈಯದ್ದಿ ರೋಗಿಗಳಾಗುವ ಕೆಲಸಗಾರರು ಆ ವಿಚಾರಣೆಯಲ್ಲಿ ಮಾತನಾಡಿದ್ದಾರೆ. ಆ ಹೇಳಿಕೆಗಳನ್ನು ಓದಿದವರು ಬಟ್ಟಲಿನ ಮೆರುಗನ್ನು ಬರಿಯ ಮೆರುಗೆಂದು ನೋಡಲಾರರು.

ಸಂಗ್ರಾಹಕರಿಂದ ನಾನು ಬಯಸುವುದು ಇಷ್ಟು. ಸೆಟ್ಟನ್ನು ಬಿಡಿಸಬಾರದು, ಬಿಡಿಸಲೇಬೇಕಾದರೆ ಅದಕ್ಕೆ ಮುಂಚೆ ಪ್ರತಿಯೊಂದು ವಸ್ತುವಿನ ಅಳತೆ, ಗುರುತು, ಒಡಕುಗಳನ್ನು ಬರೆದು ಚಿತ್ರ ತೆಗೆಯಬೇಕು. ಕೊಂಡಿ ಹಾಕಿದ್ದನ್ನೂ ಬೇರೆ ಕಡೆಯಿಂದ ಬಂದು ಸೇರಿದ್ದನ್ನೂ ತಿರಸ್ಕರಿಸಬಾರದು. ಕಾರ್ಖಾನೆ ಯಾವುದೆಂದು ತಿಳಿಯದಿದ್ದರೆ ಹಾಗೆಯೇ ಬರೆಯಬೇಕು. ಕೊನೆಗೆ ಸಂಗ್ರಹವನ್ನು ಸಾರ್ವಜನಿಕರಿಗೆ ಒಪ್ಪಿಸುವ ದಾರಿಯನ್ನು ಇರುವಾಗಲೇ ಯೋಚಿಸಬೇಕು. ಪರಿಗ್ರಹವೆಂಬ ದೋಷ ವಸ್ತುವಿನ ಸಂಖ್ಯೆಗಿಂತ ಅದರ ಮೇಲಿನ ವ್ಯಾಮೋಹದಲ್ಲಿದೆಯೆಂಬ ತಿಳಿವಳಿಕೆ ಸಂಗ್ರಾಹಕರಿಗೆ ಯಾವ ಧರ್ಮದವರಾದರೂ ಉಪಯುಕ್ತ.

ವಿದ್ಯಾರ್ಥಿಗಳಿಗೆ ಹೇಳುವುದು ಇನ್ನೂ ಸರಳ. ಇಂಗ್ಲಿಷ್ ಪಿಂಗಾಣಿಯನ್ನು ನೋಡಲು ಲಂಡನ್ನಿಗೇ ಹೋಗಬೇಕಿಲ್ಲ. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಯುರೋಪಿಯನ್ ವಿಭಾಗದಲ್ಲಿಯೂ ಅದು ಸಿಗುತ್ತದೆ. ಅಲ್ಲಿ ಬಟ್ಟಲಿನ ಮುಖದ ಚಿನ್ನದ ಗೆರೆಯನ್ನು ನೋಡಿ ಮುಂದೆ ಸಾಗಬೇಡಿ. ಅದರ ಮಣ್ಣು ಯಾವುದು, ಜೊತೆಗಿದ್ದವು ಎಲ್ಲಿ, ತಳದಲ್ಲಿ ಏನು ಬರೆದಿದೆ ಎಂದು ಕೇಳಿ. ಈ ಪ್ರಶ್ನೆಗಳಿಗೆ ಉತ್ತರ ಕೊಡುವ ಒಂದು ಚೀಟಿಯನ್ನು ಪ್ರತಿ ವಸ್ತುವಿನ ಪಕ್ಕದಲ್ಲಿಡುವುದು ನಮ್ಮ ವಸ್ತುಸಂಗ್ರಹಾಲಯಗಳಿಗೆ ದುಬಾರಿಯ ಕೆಲಸವೇನೂ ಅಲ್ಲ.